ಸೋಲಿಲ್ಲದ ಶನಿವಾರಗಳು

ಶನಿವಾರ ಸಂಜೆ ಐದು ಗಂಟೆಯಾಯಿತೆಂದರೆ ಪೇಂಟರ ಮನೆಯ ಊಟದ ಮೇಜು ಖಾಲಿಯಾಗಲೇಬೇಕು. ಉಪ್ಪಿನ ಡಬ್ಬಿ, ಮಾತ್ರೆಗಳ ಪೆಟ್ಟಿಗೆ, ಮೊಮ್ಮಗಳ ಪುಸ್ತಕ, ಸೊಸೆ ಅರ್ಧ ಮಡಿಸಿಟ್ಟ ಬಟ್ಟೆ ಎಲ್ಲವೂ ಎತ್ತಂಗಡಿಯಾಗಿ ಅಲ್ಲಿ ಕೇರಂ ಬೋರ್ಡು ಬಂದು ಕೂರುತ್ತಿತ್ತು. ಇಪ್ಪತ್ತಾರು ವರ್ಷದಿಂದ ಹೀಗೇ. ಮಗನ ಮದುವೆಯ ಹಿಂದಿನ ದಿನವೂ ಆಟ ನಿಂತಿರಲಿಲ್ಲ.

ಆಡುವವರು ನಾಲ್ಕೇ ಜನ. ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಪೇಂಟರು, ಬೀದಿಯ ಕೊನೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಟೈಲರು, ನಿವೃತ್ತರಾದ ಲೆಕ್ಕದ ಮೇಷ್ಟ್ರು, ಮೂವತ್ತು ವರ್ಷ ಬಸ್ಸು ಓಡಿಸಿದ ಡ್ರೈವರು. ಇಬ್ಬರು ಆಡಬೇಕು, ಇಬ್ಬರು ನೋಡಬೇಕು. ಗೆದ್ದವನು ಕುರ್ಚಿಯಲ್ಲೇ ಕೂರಬಹುದು; ಸೋತವನು ಎದ್ದು ಅಡುಗೆಮನೆಗೆ ಹೋಗಿ ಅಷ್ಟೂ ಜನರ ಟೀ ಲೋಟ ತೊಳೆಯಬೇಕು. ಈ ಕಾನೂನು ಮಾಡಿದ್ದು ಪೇಂಟರ ಹೆಂಡತಿ. ಅವರನ್ನು ಗೆಳೆಯರೆಲ್ಲ ಅಕ್ಕ ಎನ್ನುತ್ತಿದ್ದರು, ಕೇಳಿ ಕೇಳಿ ಇಡೀ ಕಟ್ಟಡವೇ ಅಕ್ಕ ಎನ್ನತೊಡಗಿತ್ತು. ಪೇಂಟರು ಮಾತ್ರ ಆ ಅಡುಗೆಮನೆಯಲ್ಲಿ ಲೋಟ ತೊಳೆದದ್ದು ಅಪರೂಪ. ಸ್ಕೇಲಿಲ್ಲದೆ ಹತ್ತಡಿ ಉದ್ದದ ನೇರ ಗೆರೆ ಎಳೆಯುತ್ತಿದ್ದ ಬೆರಳು ಅವರದು. ಆ ಬೆರಳು ಸ್ಟ್ರೈಕರನ್ನು ಚಿಮ್ಮಿಸಿದರೆ ಕಾಯಿ ಹೇಳಿದ ಮಾತು ಕೇಳುತ್ತಿತ್ತು.

“ನೀನು ಆ ಕುರ್ಚಿಗೆ ಅಂಟು ಹಚ್ಕೊಂಡು ಕೂತಿದೀಯ ಕಣೋ,” ಎಂದು ಡ್ರೈವರು ಗೊಣಗುತ್ತ ಲೋಟ ತೊಳೆಯಲು ಹೋಗುತ್ತಿದ್ದರು. ಹೋದವರು ಬಿಸ್ಕತ್ತಿನ ಡಬ್ಬಿಯನ್ನೂ ಖಾಲಿ ಮಾಡಿಯೇ ಬರುತ್ತಿದ್ದರು.

ಕಳೆದ ವರ್ಷ ಆ ಬೆರಳು ನಡುಗತೊಡಗಿತು. ನರದ ಕಾಯಿಲೆ, ನಿಧಾನವಾಗಿ ಹೆಚ್ಚಾಗುತ್ತದೆ, ಮಾತ್ರೆಯಿಂದ ಸ್ವಲ್ಪ ಹಿಡಿತಕ್ಕೆ ಬರಬಹುದು ಎಂದರು ಡಾಕ್ಟರು. ಪೇಂಟರು ಕೊನೆಯದಾಗಿ ಬರೆದದ್ದು ಒಂದು ಪಾತ್ರೆ ಅಂಗಡಿಯ ಬೋರ್ಡು. ಅಕ್ಷರಗಳ ಬಾಲ ಎಲ್ಲೆಲ್ಲಿಗೋ ಹೋಗಿತ್ತು. ಅಂಗಡಿಯವನು ವಾರದೊಳಗೆ ಅದರ ಮೇಲೊಂದು ಪ್ಲಾಸ್ಟಿಕ್ ಬೋರ್ಡು ಹೊಡೆಸಿದ. ಪೇಂಟರು ಬ್ರಷ್ಷುಗಳನ್ನು ತೊಳೆದು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು.

ಆದರೆ ಶನಿವಾರ ಬರುತ್ತಲೇ ಇತ್ತು. ಒಂದು ಶನಿವಾರ ಪೇಂಟರು ನಾಲ್ಕು ಆಟ ಆಡಿ ನಾಲ್ಕನ್ನೂ ಸೋತರು. ಮೂರು ಸಲ ಲೋಟ ತೊಳೆದರು. ನಾಲ್ಕನೆಯ ಸಲ ತೊಟ್ಟಿಯಲ್ಲಿ ಒಂದು ಲೋಟ ಒಡೆಯಿತು.

“ಆಡಲಾರದವನಿಗೆ ಬೋರ್ಡು ಡೊಂಕು, ತೊಳೀಲಾರದವನಿಗೆ ಲೋಟ ಜಾರು!” ಎಂದು ಡ್ರೈವರು ಕೂತಲ್ಲಿಂದಲೇ ಕೂಗಿದರು. ಎಲ್ಲರೂ ನಕ್ಕರು. ಪೇಂಟರೂ ನಕ್ಕರು.

ಗೆಳೆಯರು ಹೋದ ಮೇಲೆ ಅಕ್ಕ ತಟ್ಟೆ ಹಾಕಿ ಕರೆದರು. ಪೇಂಟರು ಬರಲಿಲ್ಲ. ಹೋಗಿ ನೋಡಿದರೆ ಸ್ನಾನದ ಮನೆಯಲ್ಲಿ ಬಲಗೈಯನ್ನು ಗೋಡೆಗೆ ಒತ್ತಿ ಹಿಡಿದು ನಿಂತಿದ್ದರು, ಓಡಿಹೋಗುವ ಯಾರನ್ನೋ ಹಿಡಿದಿಟ್ಟಂತೆ.

“ಊಟಕ್ಕೆ ಬನ್ನಿ ಅಂದ್ರೆ.”

“ಹಸಿವಿಲ್ಲ.”

“ಸೋತಿದ್ದಕ್ಕೆ ಊಟ ಬಿಡ್ತಾರಾ ಯಾರಾದ್ರೂ? ಗುಬ್ಬಿ ನಗ್ತಾಳೆ ನೋಡಿ.”

ಗುಬ್ಬಿ ಎಂದರೆ ಮೊಮ್ಮಗಳು, ಹನ್ನೊಂದು ವರ್ಷದವಳು. ಅವಳ ಹೆಸರಿಗೂ ಪೇಂಟರು ತಿರುಗಲಿಲ್ಲ. ಆ ವಾರವೆಲ್ಲ ಅರ್ಧ ಊಟ, ಅರ್ಧ ಮಾತು. ಅಕ್ಕ ಅದನ್ನು ನೋಡಿ ನೋಡಿ ಒಂದು ತೀರ್ಮಾನಕ್ಕೆ ಬಂದರು.

ಮಂಗಳವಾರ ಹರಿಯದ ಒಂದು ದಿಂಬಿನ ಚೀಲ ಹಿಡಿದುಕೊಂಡು ಟೈಲರ ಅಂಗಡಿಗೆ ಹೋದರು. “ಎರಡು ಆಟ ಅವರು ಗೆದ್ದರೆ ನಿಮ್ಮ ಗಂಟೇನೂ ಹೋಗಲ್ಲ,” ಎಂದರು. ಟೈಲರು ದಿಂಬಿನ ಚೀಲವನ್ನು ತಿರುಗಿಸಿ ನೋಡಿ ಹರಿದ ಜಾಗ ಸಿಗದೆ ಅಕ್ಕನ ಮುಖ ನೋಡಿದರು. “ಆಯ್ತಕ್ಕಾ,” ಎಂದರು. ಮೇಷ್ಟ್ರಿಗೆ ಫೋನಿನಲ್ಲಿ ಹೇಳಿದಾಗ ಅವರು, “ಮಕ್ಕಳಿಗೆ ಮಾರ್ಕ್ಸ್ ಸೇರಿಸಿ ಕೊಟ್ಟವನಲ್ಲ ನಾನು. ಆದ್ರೂ ನೋಡೋಣಮ್ಮ,” ಎಂದರು.

ಡ್ರೈವರಿಗೆ ಶನಿವಾರದವರೆಗೂ ಹೇಳಲಾಗಲಿಲ್ಲ. ಅವರು ಎಲ್ಲರಿಗಿಂತ ಮೊದಲೇ ಬರುವವರು. ಹೆಂಡತಿ ಸತ್ತ ಮೇಲೆ ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು, ಮಗಳು ದೂರದೂರಿನಲ್ಲಿದ್ದಳು. ಅಕ್ಕ ಅವರನ್ನು ಮೆಟ್ಟಿಲ ತಿರುವಿನಲ್ಲೇ ತಡೆದು ನಿಲ್ಲಿಸಿದರು. ಅದೇ ಹೊತ್ತಿಗೆ ಔಷಧಿ ಅಂಗಡಿಯ ಕೆಲಸ ಮುಗಿಸಿ ಮನೆಗೆ ಬರುತ್ತಿದ್ದ ಸೊಸೆ ಕೆಳಗಿನ ಮೆಟ್ಟಿಲಲ್ಲಿ ನಿಂತುಬಿಟ್ಟಳು. ಅವಳಿಗೆ ಎಲ್ಲವೂ ಕೇಳಿಸಿತು.

“ಬೇಕೂಂತ ಸೋಲಬೇಕಾ? ನಾನಾ?” ಡ್ರೈವರ ಗಂಟಲು ಮೊದಲೇ ದೊಡ್ಡದು.

“ಮೆಲ್ಲಗೆ ಮಾತಾಡಿ. ಅವರು ಊಟ ಬಿಡ್ತಿದಾರೆ. ನಿಮಗೇನು ಗೊತ್ತು?”

“ಅಕ್ಕಾ, ಅವನ ಕೈ ನಡುಗ್ತಿದೆ, ತಲೆ ನಡುಗ್ತಿಲ್ಲ. ಎರಡು ವಾರದಲ್ಲಿ ಅವನಿಗೆ ಗೊತ್ತಾಗುತ್ತೆ. ಸೋತರೆ ಬೈಕೊಂಡು ಮಲಗ್ತಾನೆ. ಬಿಟ್ಟುಕೊಟ್ಟಿದ್ದು ಅಂತ ಗೊತ್ತಾದ್ರೆ ಎದ್ದೇಳಲ್ಲ ಅವನು.”

“ಇಪ್ಪತ್ತಾರು ವರ್ಷ ನನ್ನ ಮನೆ ಟೀ ಕುಡಿದಿದೀರಿ. ಇದೊಂದು ಉಪಕಾರ ಮಾಡೋಕಾಗಲ್ವಾ?”

“ಟೀ ಕುಡಿದಿದ್ದಕ್ಕೇ ಹೇಳ್ತಿರೋದು. ಅವನ ಜೊತೆ ಸುಳ್ಳಾಟ ಆಡಲ್ಲ ನಾನು.”

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಹಿಂದಿನ ಶನಿವಾರದ ನಗು, ಒಡೆದ ಲೋಟ, ಖಾಲಿಯಾದ ಬಿಸ್ಕತ್ತಿನ ಡಬ್ಬಿ ಎಲ್ಲವೂ ಒಟ್ಟಿಗೆ ನೆನಪಾದವು. “ಹಾಗಾದ್ರೆ ನೀವು ಬರೋದೇ ಬೇಡ. ನಿಮ್ಮ ನಿಜ ನಿಮ್ಮ ಹತ್ರಾನೇ ಇರಲಿ.”

ಡ್ರೈವರು ಮೆಟ್ಟಿಲ ಕಟಕಟೆ ಹಿಡಿದುಕೊಂಡರು. ಒಂದೊಂದೇ ಮೆಟ್ಟಿಲು ಇಳಿದರು. ಸೊಸೆ ಗೋಡೆಗೆ ಸರಿದು ದಾರಿ ಬಿಟ್ಟಳು. “ಚೆನ್ನಾಗಿದೀಯೇನಮ್ಮ,” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದರು.

ಮಾರನೆಯ ವಾರವೂ ಡ್ರೈವರು ಬಾರದಿದ್ದಾಗ ಪೇಂಟರು ಫೋನು ಹಚ್ಚಿದರು. ಅಕ್ಕ ಅಡುಗೆಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟು ಕಿವಿಗೊಟ್ಟರು. ಫೋನಿನ ಆಚೆಯ ದನಿ ಇಲ್ಲಿಗೂ ಕೇಳುತ್ತಿತ್ತು.

“ಕೇರಂ ಸಾಕಾಗಿದೆ ಕಣೋ. ಬೇಜಾರು.”

“ಬೇಜಾರಾ? ನಿನಗಾ?”

“ಹ್ಞೂಂ. ಸೊಂಟ ಬೇರೆ ಹಿಡ್ಕೊಳ್ಳುತ್ತೆ ಕೂತು ಕೂತು. ನೀವು ಆಡಿ.”

ಪೇಂಟರು ಫೋನಿಟ್ಟರು. “ನನ್ನ ಕೈ ನೋಡಿ ಅಸಹ್ಯ ಆಗಿದೆ ಅವನಿಗೆ,” ಎಂದರು. “ಗೆಲ್ಲೋ ಕುದುರೆ ಜೊತೆಗೇ ಓಡೋನು ಅವನು. ಕುಂಟು ಕುದುರೆ ಯಾರಿಗೆ ಬೇಕು?”

ಅಕ್ಕ ಬಾಯಿ ತೆರೆದರು. ಒಲೆಯ ಮೇಲೆ ಹಾಲು ಉಕ್ಕಿತು. ಅದನ್ನು ಇಳಿಸಿ, ಒಲೆ ಒರೆಸಿ, ಬಟ್ಟೆ ಹಿಂಡಿ ಹಾಕುವಷ್ಟರಲ್ಲಿ ಹೇಳುವ ಹೊತ್ತು ಮೀರಿತ್ತು.

ನಾಲ್ಕನೆಯವಳಾಗಿ ಗುಬ್ಬಿ ಬಂದಳು. ಆಟದಲ್ಲಿ ಅಜ್ಜನದೇ ಬೆರಳು ಅವಳಿಗೆ. ಅಜ್ಜಿ ಅವಳನ್ನು ಬಚ್ಚಲ ಹತ್ತಿರ ಕರೆದು ಹೇಳಿದಾಗ ಅವಳು ಕಾಲು ನೆಲಕ್ಕೆ ಕುಟ್ಟಿದಳು. “ಅದು ಮೋಸ ಅಲ್ವಾ ಅಜ್ಜಿ? ಶಾಲೇಲಿ ಹೀಗೆ ಮಾಡಿದ್ರೆ ಹೊರಗೆ ಹಾಕ್ತಾರೆ.”

“ತಾತನ ಮೇಲೆ ಪ್ರೀತಿ ಇದೆಯೋ ಇಲ್ವೋ?”

“ಇದೆ.”

“ಹಾಗಾದ್ರೆ ಬಾಯಿ ಮುಚ್ಕೊಂಡು ಸೋಲು.”

ನಂತರದ ಮೂರು ಶನಿವಾರ ಪೇಂಟರು ಕುರ್ಚಿ ಬಿಟ್ಟು ಏಳಲಿಲ್ಲ. ಮೊದಲ ವಾರ, “ಮಾತ್ರೆ ಹಿಡೀತಿದೆ ಅನ್ಸುತ್ತೆ,” ಎಂದರು. ಎರಡನೆಯ ವಾರ ತಾವೇ ಕೇಳಿ ಎರಡು ಸಲ ಅನ್ನ ಹಾಕಿಸಿಕೊಂಡರು. ಸೋಮವಾರ ಬೀರುವಿನ ಮೇಲಿನಿಂದ ಬ್ರಷ್ಷುಗಳ ಗಂಟು ಕೆಳಗಿಳಿಯಿತು. ಲಿಫ್ಟ್ ರಿಪೇರಿ ಕೆಲಸ ಮಾಡುವ ಮಗ ಮನೆಗೆ ಬಂದಾಗ ಅಪ್ಪ ಹಳೆಯ ಕಾಗದದ ಮೇಲೆ ಅಕ್ಷರ ತಿದ್ದುತ್ತ ಕೂತಿದ್ದರು.

“ನೋಡಿದ್ಯಾ?” ಎಂದು ಅಕ್ಕ ಸೊಸೆಯ ಕಡೆ ಹುಬ್ಬು ಹಾರಿಸಿದರು.

“ನೋಡ್ತಿದೀನಿ ಅತ್ತೆ. ಅವರಿಗೆ ಗೊತ್ತಾದ ದಿನ ಏನ್ ಮಾಡ್ತೀರಿ?”

“ಗೊತ್ತಾಗೋದು ಹೇಗೆ?”

“ಟೈಲರಂಕಲ್ ಕನ್ನಡಕ ಇಲ್ದೆ ಸೂಜಿಗೆ ದಾರ ಪೋಣಿಸ್ತಾರೆ. ಗುಂಡಿ ಬಾಯಲ್ಲಿ ಕೂತ ಕಾಯಿ ಅವರ ಕಣ್ಣಿಗೆ ಬೀಳಲ್ವಂತೆ. ನನಗೇ ಕಾಣ್ತಿದೆ, ಮಾವನಿಗೆ ಕಾಣಲ್ವಾ?”

ಅಕ್ಕ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. “ನೀನು ಸುಮ್ನಿದ್ರೆ ಸಾಕು.”

ನಾಲ್ಕನೆಯ ಶನಿವಾರ ಪೇಂಟರು ಏನೋ ಒಂದು ನಮೂನೆ ಆಡಿದರು. ತಮ್ಮ ಕಾಯಿಗಳನ್ನು ಬಿಟ್ಟು ಟೈಲರ ಕಾಯಿಯೊಂದನ್ನು ಮೆಲ್ಲಗೆ ತಳ್ಳಿ ಗುಂಡಿಯ ಅಂಚಿನಲ್ಲಿ ನಿಲ್ಲಿಸಿದರು. ಊದಿದರೆ ಬೀಳುವಂತಿತ್ತು. ಟೈಲರು ಸ್ಟ್ರೈಕರ್ ಇಟ್ಟು, ಗುರಿ ಹಿಡಿದು, ಅದರ ಪಕ್ಕದಲ್ಲೇ ಹಾಯಿಸಿದರು. “ಛೆ,” ಎಂದರು. ಮುಂದಿನ ಆಟದಲ್ಲಿ ಮೇಷ್ಟ್ರಿಗೂ ಹಾಗೇ ಒಂದು ಕಾಯಿ ಇಟ್ಟುಕೊಟ್ಟರು. ಮೇಷ್ಟ್ರೂ ತಪ್ಪಿಸಿದರು. ಪೇಂಟರು ಇಬ್ಬರ ಮುಖವನ್ನೂ ನೋಡಿದರು. ಇಬ್ಬರೂ ಬೋರ್ಡು ನೋಡುತ್ತಿದ್ದರು. ಅವತ್ತೂ ಪೇಂಟರೇ ಗೆದ್ದರು. ಗೆಳೆಯರನ್ನು ಬಾಗಿಲವರೆಗೆ ಬಿಟ್ಟು ಬಂದರು.

ಭಾನುವಾರ ಬೆಳಿಗ್ಗೆ ಅಕ್ಕ ತರಕಾರಿಗೆ ಹೋಗಿದ್ದಾಗ ಗುಬ್ಬಿಯನ್ನು ಕೂರಿಸಿಕೊಂಡರು. “ಒಂದಾಟ ಆಡೋಣ. ನಿಜವಾಗಿ ಆಡು.”

“ನಿಜವಾಗೇ ಆಡ್ತೀನಲ್ಲ ತಾತ.”

“ನನ್ನ ಕಣ್ಣು ನೋಡಿ ಹೇಳು.”

ಹುಡುಗಿ ನೋಡಲಿಲ್ಲ. ಸ್ಟ್ರೈಕರ್ ತೆಗೆದುಕೊಂಡಳು. ಎಂಟೇ ಹೊಡೆತದಲ್ಲಿ ರೆಡ್ಡೂ ಸೇರಿ ಒಂಬತ್ತು ಕಾಯಿ ಹಾಕಿದಳು. ಕೊನೆಯದಕ್ಕೆ ಗುರಿ ಹಿಡಿದವಳು ಸ್ಟ್ರೈಕರ್ ಮೇಲಿನಿಂದ ಬೆರಳು ತೆಗೆದಳು. “ಅಜ್ಜಿ ಹೇಳಿದ್ರು,” ಎಂದು ಬಿಕ್ಕಿದಳು. “ಎಲ್ಲರಿಗೂ ಹೇಳಿದ್ರು. ನಾನು ಬೇಡ ಅಂದೆ ತಾತ.”

ಪೇಂಟರು ಅವಳ ತಲೆ ಸವರಿದರು. “ಚೆನ್ನಾಗಿ ಆಡ್ತೀಯ. ಅಳಬೇಡ. ಕೊನೇದು ಹಾಕು.”

ಅವಳು ಹಾಕಿದಳು. ಪೇಂಟರು ಎದ್ದು ಹೋಗಿ ಲೋಟ ತೊಳೆದರು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತಾಗ ಅವರು ಚಮಚ ಕೆಳಗಿಟ್ಟು ಕೇಳಿದರು, “ಇದರಲ್ಲೂ ಬಿಟ್ಟುಕೊಡ್ತೀಯೇನು? ನಾನು ನುಂಗೋ ತುತ್ತನ್ನೂ ನೀನೇ ಅಗಿದು ಕೊಡ್ತೀಯಾ?”

ಅಕ್ಕನ ಕೈಯ ಸೌಟು ನಿಂತಿತು. ಗುಬ್ಬಿ ತಟ್ಟೆಯೊಳಗೆ ಮುಖ ಹಾಕಿದಳು.

“ನೀವು ಊಟ ಬಿಟ್ಟು ಕೂತ್ರೆ ನಾನೇನ್ ಮಾಡ್ಲಿ?”

“ಬಿಡಲಿ ಅಂತ ಬಿಡಬೇಕಿತ್ತು! ಸೋತವನು ಒಂದು ದಿನ ಊಟ ಬಿಡ್ತಾನೆ, ಮಾರನೇ ದಿನ ಮಾಡ್ತಾನೆ. ಗಂಡಸಿಗೆ ಸೋಲೋಕೂ ಬಿಡ್ಲಿಲ್ವಲ್ಲೇ ನೀನು.”

“ಅಪ್ಪಾ, ಮಗು ಎದುರಿಗೆ…” ಎಂದ ಮಗ.

“ಮಗೂಗೇ ಮೋಸ ಹೇಳಿಕೊಟ್ಟಿದಾಳೆ, ಇನ್ನು ಎದುರಿಗೆ ಏನು, ಹಿಂದೆ ಏನು?” ಪೇಂಟರ ಕೈಯ ನಡುಕಕ್ಕೆ ಮೇಜಿನ ನೀರಿನ ಲೋಟ ಕಟಕಟ ಎನ್ನುತ್ತಿತ್ತು. “ಡ್ರೈವರಿಗೂ ಹೇಳಿದ್ಯಾ?”

ಸೊಸೆ ಅತ್ತೆಯ ಮುಖ ನೋಡಿದಳು. ಅಕ್ಕ ನೆಲ ನೋಡಿದರು.

“ಇಲ್ಲ,” ಎಂದರು. “ಅವರು ತಾವಾಗೇ ಬಿಟ್ಟರು.”

“ಅದೇ ವಾಸಿ. ಕೊನೇಪಕ್ಷ ಅವನು ಮುಖದ ಮೇಲೆ ಹೊಡೆದು ಹೋದ.” ಪೇಂಟರು ಎದ್ದುಹೋದರು. ಕೇರಂ ಬೋರ್ಡು ಅವತ್ತೇ ಬೀರುವಿನ ಹಿಂದಕ್ಕೆ ಹೋಯಿತು. ಮುಂದಿನ ಶನಿವಾರ ಟೈಲರು, ಮೇಷ್ಟ್ರು ಬಂದು ಬೆಲ್ಲು ಒತ್ತಿದಾಗ ಅವರು ಚಾದರ ಹೊದ್ದು ಮಲಗಿದ್ದರು. ಗೆಳೆಯರು ಬಾಗಿಲಲ್ಲೇ ಎರಡು ಮಾತಾಡಿ ವಾಪಸು ಹೋದರು.

ಪಾತ್ರೆ ತೊಳೆಯುವಾಗ ಸೊಸೆ ಕೇಳಿದಳು, “ಯಾಕತ್ತೆ ಹಾಗಂದ್ರಿ? ಒಂದು ಸುಳ್ಳು ಮುಚ್ಚೋಕೆ ಇನ್ನೊಂದು.”

“ಈಗ ಅದನ್ನೂ ಹೇಳಿದ್ರೆ ನನ್ನ ಮುಖ ನೋಡ್ತಾರಾ ಅವರು?”

“ನಾನು ಅವತ್ತು ಮೆಟ್ಟಿಲ ಮೇಲಿದ್ದೆ. ಆ ಮನುಷ್ಯ ಫೋನಲ್ಲೂ ನಿಮ್ಮ ಹೆಸರು ಎತ್ತಲಿಲ್ಲ. ತಪ್ಪೆಲ್ಲ ತನ್ನ ತಲೆ ಮೇಲೇ ಹಾಕ್ಕೊಂಡ್ರು. ಹೋಗಿ ಕರ್ಕೊಂಡು ಬನ್ನಿ ಅತ್ತೆ. ಒಂದು ಮಾತಿಗೆ ಕೆಟ್ಟಿದ್ದು ಒಂದು ಮಾತಿಗೇ ಸರಿಯಾಗ್ಬಹುದು.”

ಅಕ್ಕನಿಗೆ ಆ ಮಾತು ನಾಟಿತು. ಆದರೂ ಹೊರಡಲು ಹನ್ನೆರಡು ದಿನ ಬೇಕಾಯಿತು. ಒಂದು ದಿನ ಗುಬ್ಬಿಗೆ ಜ್ವರ, ಒಂದು ದಿನ ನಲ್ಲಿಯಲ್ಲಿ ನೀರಿಲ್ಲ, ಒಂದು ದಿನ ಸುಮ್ಮನೆ ಕಾಲೇ ಏಳಲಿಲ್ಲ. ಕೊನೆಗೆ ಗುರುವಾರ ಮಧ್ಯಾಹ್ನ ಹೋದರು. ಸೈಕಲ್ ಅಂಗಡಿಯ ಮೇಲಿನ ಕೋಣೆಗೆ ಬೀಗ ಬಿದ್ದಿತ್ತು.

“ಅವರಾ?” ಎಂದ ಅಂಗಡಿಯವನು, ಚಕ್ರದ ಕಡ್ಡಿ ಬಿಗಿಯುತ್ತ. “ಸೋಮವಾರ ಎದೆ ನೋವು ಅಂದ್ರು. ನಾನೇ ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿ ಬಂದೆ. ಮಗಳಿಗೆ ತಿಳಿಸಿದೀನಿ, ನಾಳೆ ಬರ್ತಾಳಂತೆ.”

ಅಕ್ಕ ಅಲ್ಲಿಂದಲೇ ಆಸ್ಪತ್ರೆಗೆ ನಡೆದರು. ನೋಡಲು ಬಿಡುವುದು ನಾಲ್ಕು ಗಂಟೆಯ ಮೇಲೆ. ಬೆಂಚಿನ ಮೇಲೆ ಕಾದರು. ಒಳಗೆ ಉದ್ದನೆಯ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಮಂಚದ ಮೇಲೆ ಡ್ರೈವರು ಒರಗಿ ಕೂತಿದ್ದರು. ಅಷ್ಟು ದೊಡ್ಡ ಮನುಷ್ಯ, ಆಸ್ಪತ್ರೆಯ ಅಂಗಿಯಲ್ಲಿ ಅರ್ಧವಾಗಿ ಕಾಣುತ್ತಿದ್ದರು.

“ಅಕ್ಕಾ! ದಾರಿ ತಪ್ಪಿ ಬಂದ್ರಾ?”

ಅಕ್ಕನಿಗೆ ಅಳು ಬಂತು. “ಗೊತ್ತಿರಲಿಲ್ಲ ನನಗೆ.”

“ನನಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಇಂಜಿನ್ ನೋಡ್ಕೊಂಡೆ, ನನ್ನ ಇಂಜಿನ್ ನೋಡಿಸ್ಲೇ ಇಲ್ಲ.” ನಕ್ಕರು, ನಗು ಕೆಮ್ಮಾಯಿತು. “ಹೇಗಿದಾನೆ ನಿಮ್ಮ ಯಜಮಾನ? ಗೆಲ್ತಿದಾನಾ?”

“ಗೊತ್ತಾಯ್ತು ಅವರಿಗೆ. ನೀವು ಹೇಳಿದ ಹಾಗೇ ಆಯ್ತು. ಆಟಾನೇ ಬಿಟ್ಟಿದಾರೆ.”

ಡ್ರೈವರು ಕಿಟಕಿಯ ಕಡೆ ತಿರುಗಿದರು. “ನಾನು ಹೇಳಿದ ಹಾಗೆ ಆಗಬಾರದಿತ್ತು,” ಎಂದರು. ಸ್ವಲ್ಪ ಸುಧಾರಿಸಿಕೊಂಡು, “ನಾಳೆ ಅವನನ್ನ ಕರ್ಕೊಂಡು ಬರ್ತೀರಾ? ಏನು ಹೇಳಿ ಕರ್ಕೊಂಡು ಬರ್ತೀರೋ ನಿಮಗೆ ಬಿಟ್ಟಿದ್ದು. ಮೆಟ್ಟಿಲ ವಿಷಯ ನಾನು ಎತ್ತಲ್ಲ. ಸುಮ್ನೆ ನೋಡ್ಬೇಕು ಅನ್ಸುತ್ತೆ.”

“ಕರ್ಕೊಂಡು ಬರ್ತೀನಿ.”

“ನಾಲ್ಕಕ್ಕೆ ಬಿಡ್ತಾರೆ. ನಾಲ್ಕಕ್ಕೇ ಬನ್ನಿ.”

ಆರು ಗಂಟೆಗೆ ಅಕ್ಕ ಮನೆಗೆ ಬಂದರು. ಪೇಂಟರು ಬಾಲ್ಕನಿಯಲ್ಲಿ ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರು. ವಾರಗಳ ನಂತರ ಅವರ ಮುಖ ಸ್ವಲ್ಪ ತಿಳಿಯಾಗಿತ್ತು. “ಎಲ್ಲಿಗೆ ಹೋಗಿದ್ದೆ? ಟೀ ನಾನೇ ಮಾಡ್ಕೊಂಡೆ, ಅರ್ಧ ಚೆಲ್ಲಿತು,” ಎಂದರು. ಆ ಮನುಷ್ಯ ಹಾಗೆ ಸಲೀಸಾಗಿ ಮಾತಾಡಿ ಎಷ್ಟು ದಿನವಾಗಿತ್ತು! ಅಕ್ಕ ಎದುರು ನಿಂತರು. ಹೇಳಬೇಕೆಂದರೆ ಮೆಟ್ಟಿಲಿನಿಂದ ಶುರು ಮಾಡಬೇಕು. ಊಟದ ಮೇಜಿನ ಸುಳ್ಳನ್ನೂ ಬಿಚ್ಚಬೇಕು.

“ಡ್ರೈವರು…” ಎಂದರು.

“ಅವನ ಹೆಸರು ಎತ್ತಬೇಡ. ಈ ಬಾಗಿಲಿಗೆ ಬಂದ್ರೂ ತೆಗೆಯಲ್ಲ ನಾನು.”

ಸರಿ, ನಾಳೆ ತಿಂಡಿಯಾದ ಮೇಲೆ ಹೇಳಿದರಾಯಿತು, ನಾಲ್ಕರವರೆಗೆ ಇಡೀ ದಿನವಿದೆ ಎಂದುಕೊಂಡು ಅಕ್ಕ ಬಟ್ಟೆ ಮಡಿಸಲು ಕೂತರು.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಟೈಲರ ಫೋನು ಬಂತು. ಪೇಂಟರೇ ಎತ್ತಿಕೊಂಡರು. ಅವರು “ಯಾವಾಗ?” ಎಂದರು. ಆಮೇಲೆ “ಯಾವ ಆಸ್ಪತ್ರೆ?” ಎಂದರು. ಆಮೇಲೆ ಫೋನಿಟ್ಟು ಚಪ್ಪಲಿ ಹುಡುಕಿದರು. ಅಕ್ಕನ ಕೈಯಲ್ಲಿ ಅರ್ಧ ಬೆಣ್ಣೆ ಸವರಿದ ಬ್ರೆಡ್ಡಿತ್ತು.

ಸಂಜೆ ಡ್ರೈವರ ಅಂತ್ಯಕ್ರಿಯೆ ಮುಗಿಸಿ ಪೇಂಟರು ಮಗನ ಜೊತೆ ಮನೆಗೆ ಬಂದರು. ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಊಟದ ಮೇಜಿನ ಹತ್ತಿರ ಕೂತರು. ಸೊಸೆ ಟೀ ತಂದಿಟ್ಟಳು.

“ನಾಲ್ಕು ದಿನ ಆಸ್ಪತ್ರೇಲಿದ್ನಂತೆ,” ಎಂದರು ಪೇಂಟರು, ಯಾರಿಗೂ ಅಲ್ಲದಂತೆ. “ನಡೆದರೆ ಅರ್ಧ ಗಂಟೆ ದಾರಿ. ಸಾಯೋವಾಗ್ಲೂ ನನ್ನ ಕರೀಬೇಕು ಅನ್ನಿಸ್ಲಿಲ್ಲ ಅವನಿಗೆ. ಅಷ್ಟು ಬೇಡವಾಗಿಬಿಟ್ಟಿದ್ದೆ.”

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಸೊಸೆ ಬಾಯಿ ಬಿಡುವವಳಲ್ಲ. ಸತ್ತವರು ಬಂದು ಹೇಳುವುದಿಲ್ಲ.

“ಅನ್ನಿಸಿತ್ತು,” ಎಂದರು ಅಕ್ಕ.

ಪೇಂಟರು ತಿರುಗಿದರು.

“ನಿಮ್ಮನ್ನ ಕರ್ಕೊಂಡು ಬನ್ನಿ ಅಂದಿದ್ರು. ನನಗೆ ಹೇಳಿದ್ರು. ನಿನ್ನೆ ನಾನು ಹೋಗಿದ್ದೆ.” ಅಲ್ಲಿಂದ ಅವರು ಹಿಂದಕ್ಕೆ ಹೋದರು. ಮೆಟ್ಟಿಲ ಮೇಲಿನ ಮಾತು, ತಾವು ಬರಬೇಡಿ ಎಂದದ್ದು, ಫೋನಿನಲ್ಲಿ ಡ್ರೈವರು ಹೇಳಿದ ಸುಳ್ಳು ಯಾರಿಗಾಗಿ ಎಂಬುದು. ಒಂದನ್ನೂ ಬಿಡದೆ, ದನಿ ಏರಿಸದೆ, ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಹೇಳಿದರು.

“ನಿನ್ನೆ ಎಷ್ಟೊತ್ತಿಗೆ ಮನೆಗೆ ಬಂದೆ?”

“ಆರಕ್ಕೆ.”

“ಆರಕ್ಕೆ,” ಎಂದರು ಪೇಂಟರು. “ನಾನು ಬಟ್ಟೆ ತೆಗೀತಿದ್ದೆ.” ಅವರ ಟೀ ಮೇಲೆ ಕೆನೆ ಕಟ್ಟಿತು. ಎದ್ದು ಕೋಣೆಗೆ ಹೋದರು. ಆವತ್ತಿನಿಂದ ಹೆಂಡತಿಯ ಜೊತೆ ಮಾತು ಬಿಟ್ಟರು.

ಕೂಗಾಟವಿರಲಿಲ್ಲ, ತಟ್ಟೆ ಎಸೆಯಲಿಲ್ಲ. ಬೆಳಿಗ್ಗೆ ತಮ್ಮ ಟೀ ತಾವೇ ಮಾಡಿಕೊಳ್ಳುತ್ತಿದ್ದರು. ಸೋಸುವಾಗ ಅರ್ಧ ಕಟ್ಟೆಗೆ, ಅರ್ಧ ಲೋಟಕ್ಕೆ. ಚೆಲ್ಲಿದ್ದನ್ನು ತಾವೇ ಒರೆಸುತ್ತಿದ್ದರು. ಅಕ್ಕ ಬಟ್ಟೆ ಹಿಡಿದು ಮುಂದೆ ಬಂದರೆ ಆ ಬಟ್ಟೆ ಬಿಟ್ಟು ಬೇರೆ ಬಟ್ಟೆ ಹುಡುಕುತ್ತಿದ್ದರು. ಊಟ ಸೊಸೆ ಬಡಿಸಿದರೆ ಮಾಡುತ್ತಿದ್ದರು. ಅಕ್ಕ ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲೇ ನಿಂತು ಒಂದಿಷ್ಟು ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಕೆಲವು ದಿನ ಅದೂ ಇಲ್ಲ. ಸೀರೆಯೊಳಗೆ ಅವರು ಸಣ್ಣಗಾಗುತ್ತ ಹೋದರು.

ಗುಬ್ಬಿ ಒಂದು ಸಂಜೆ ಅಮ್ಮನ ಹತ್ತಿರ ಬಂದು ಅತ್ತಳು. “ನಾನು ಅವತ್ತು ಹೇಳದೇ ಇದ್ದಿದ್ರೆ ಹೀಗಾಗ್ತಿರಲಿಲ್ಲ ಅಲ್ವಾ?”

“ನೀನು ಹೇಳಿದ್ದು ಸರಿ. ದೊಡ್ಡವರು ಹೇಳದೇ ಇದ್ದಿದ್ದು ತಪ್ಪು,” ಎಂದಳು ಸೊಸೆ. “ನಾನೂ ಸೇರಿ.”

ಮೂರನೆಯ ವಾರಕ್ಕೆ ಮಗನಿಗೆ ತಡೆಯಲಾಗಲಿಲ್ಲ. “ಸಾಕು ಮಾಡಪ್ಪ. ಅಮ್ಮ ನಿನ್ನ ಒಳ್ಳೇದಕ್ಕೇ ಮಾಡಿದ್ದು.”

“ಗೊತ್ತು ಕಣೋ.” ಪೇಂಟರು ಅಂಗೈ ಮೇಲಿನ ಮಾತ್ರೆಗಳನ್ನು ನೋಡುತ್ತಿದ್ದರು, ಅವು ಅಲ್ಲಿಯೇ ಕುಣಿಯುತ್ತಿದ್ದವು. “ಅದೇ ಕಷ್ಟ ನನಗೆ. ಕೆಟ್ಟದ್ದಕ್ಕೆ ಮಾಡಿದ್ರೆ ಒಂದು ಜಗಳ ಆಡಿ ಮುಗಿಸಬಹುದಿತ್ತು.”

ಅಕ್ಕನಿಗೆ ಆ ಮಾತು ಗೋಡೆಯಾಚೆಯಿಂದ ಕೇಳಿಸಿತು.

ತಿಂಗಳು ಕಳೆದು ಒಂದು ಭಾನುವಾರ ಡ್ರೈವರ ಮಗಳು ಕೋಣೆ ಖಾಲಿ ಮಾಡಲು ಬರುವವಳಿದ್ದಳು. ಟೈಲರೂ ಮೇಷ್ಟ್ರೂ ಕೈಜೋಡಿಸಲು ಹೋಗುತ್ತಿದ್ದರು. ಪೇಂಟರೂ ಬರುತ್ತೇನೆಂದು ಹೇಳಿಕಳಿಸಿದ್ದರು. ಮಗ, ಸೊಸೆ, ಗುಬ್ಬಿ ಬೆಳಿಗ್ಗೆಯೇ ಸೊಸೆಯ ತವರಿಗೆ ಹೋಗಿದ್ದರು. ಮನೆಯಲ್ಲಿ ಇಬ್ಬರೇ.

ಹನ್ನೊಂದು ಗಂಟೆಗೆ ಪೇಂಟರು ಬಿಳಿ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತರು. ಮೇಲಿನ ಗುಂಡಿ ಹೇಗೋ ಸಿಕ್ಕಿತು. ಎರಡನೆಯದು ಕಾಜದ ಬಾಯಿಗೆ ಬಂದು ಬಂದು ಜಾರಿತು. ಹತ್ತು ನಿಮಿಷವಾಯಿತು. ಹಣೆಯಲ್ಲಿ ಬೆವರು. ಅಕ್ಕ ಹೊಸ್ತಿಲಲ್ಲಿ ನಿಂತು ನೋಡಿದರು. ಕಣ್ಣು ಕನ್ನಡಿಯಲ್ಲಿ ಸೇರಿದವು. ಪೇಂಟರು ಎರಡೂ ಕೈ ಕೆಳಗಿಳಿಸಿದರು.

ಅಕ್ಕ ಹತ್ತಿರ ಬಂದು ಎರಡನೆಯ ಗುಂಡಿ ಹಾಕಿದರು.

“ಆಸ್ಪತ್ರೆಗೆ ಹೋದಾಗ ಅವನಿಗೆ ಏನು ತಗೊಂಡು ಹೋಗಿದ್ದೆ?” ಪೇಂಟರ ದನಿ ಬಳಸದೆ ಬಿಟ್ಟ ಬಾಗಿಲಿನಂತೆ ಕಿರುಗುಟ್ಟಿತು.

“ಏನೂ ಇಲ್ಲ. ಬರಿಗೈಲಿ ಹೋಗಿದ್ದೆ.”

“ಊಟ ಮಾಡಿದ್ಯಾ ಅಂತ ಕೇಳಿದ್ಯಾ?”

“ಕೇಳ್ಲಿಲ್ಲ.”

“ನನ್ನ ಮೇಲೆ ಸಿಟ್ಟಿತ್ತಾ ಅವನಿಗೆ?”

“ಇರಲಿಲ್ಲ. ನೋಡ್ಬೇಕು ಅನ್ಸುತ್ತೆ ಅಂದ್ರು. ನಾಲ್ಕಕ್ಕೇ ಬನ್ನಿ ಅಂದ್ರು.”

ಪೇಂಟರ ಎದೆ ಅಕ್ಕನ ಬೆರಳ ಕೆಳಗೆ ಒಮ್ಮೆ ಜೋರಾಗಿ ಏರಿ ಇಳಿಯಿತು. ಅವರು ಅತ್ತರು, ಬಾಯಿ ಬಿಗಿದುಕೊಂಡು, ಮುಖ ಪಕ್ಕಕ್ಕೆ ತಿರುಗಿಸಿ. ಅಕ್ಕ ಸಮಾಧಾನ ಹೇಳಲಿಲ್ಲ, ಹೇಳುವ ಹಕ್ಕು ತಮಗಿದೆ ಎಂದು ಅವರಿಗೆ ಅನ್ನಿಸಲಿಲ್ಲ. ಮೂರನೆಯ, ನಾಲ್ಕನೆಯ ಗುಂಡಿ ಹಾಕಿದರು. ತೋಳಿನ ಗುಂಡಿಗೆ ಬಂದಾಗ ಪೇಂಟರು ತಾವೇ ಕೈ ಮುಂದೆ ಚಾಚಿದರು.

ಚಪ್ಪಲಿ ಹಾಕಿಕೊಂಡು ಬಾಗಿಲು ತೆಗೆದವರು ಹೊರಗೆ ನೋಡುತ್ತಲೇ ಹೇಳಿದರು, “ಬರೋದು ಸಂಜೆಯಾಗ್ಬಹುದು. ನೀನು ಕಾಯ್ಬೇಡ. ಕೂತ್ಕೊಂಡು ಊಟ ಮಾಡು.”

ಅವರು ಮೆಟ್ಟಿಲಿಳಿದು ಹೋಗುವ ಸದ್ದು ಕೇಳಿಸದಾಗುವವರೆಗೆ ಅಕ್ಕ ನಿಂತಿದ್ದರು. ಆಮೇಲೆ ಬಾಗಿಲು ಹಾಕಿ, ಒಂದು ತಟ್ಟೆಗೆ ಅನ್ನ ಬಡಿಸಿಕೊಂಡು ಮೇಜಿಗೆ ಬಂದು ಕೂತರು. ಮೊದಲ ತುತ್ತನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ನೀರು ಕುಡಿದು, ಇನ್ನೊಂದು ತುತ್ತು ಕಲಸಿಕೊಂಡರು.